ಸಂಬಳ ಬರೆಯದ ಜಾಹೀರಾತು

ಪ್ರೋಗ್ರಾಮರ್ ಬೇಕಾಗಿದ್ದಾರೆ. ಪೈಥಾನ್ ಗೊತ್ತಿರಬೇಕು, ಡೇಟಾಬೇಸ್ ಗೊತ್ತಿರಬೇಕು, ಮೂರು ವರ್ಷದ ಅನುಭವ ಇರಬೇಕು, ರಾತ್ರಿ ಫೋನ್ ಬಂದರೂ ಎತ್ತಬೇಕು. ಸಂಬಳ? ‘ಅರ್ಹತೆಗೆ ತಕ್ಕಂತೆ’. ಬೆಂಗಳೂರಿನ ಸಾಫ್ಟ್‌ವೇರ್ ಕೆಲಸಗಳ ಜಾಹೀರಾತಿನಲ್ಲಿ ಈ ಎರಡು ಪದ ಕಂಡರೆ ನನಗೆ ಮೈ ಉರಿಯುತ್ತದೆ.

ತಮಗೆ ಬೇಕಾದ್ದನ್ನೆಲ್ಲ ಇಷ್ಟು ಕರಾರುವಾಕ್ಕಾಗಿ ಬರೆಯಬಲ್ಲವರಿಗೆ ಕೊಡುವುದನ್ನು ಬರೆಯಲು ಮಾತ್ರ ಕೈ ಬರುವುದಿಲ್ಲವೇಕೆ? ಹುದ್ದೆಗೆ ಇಷ್ಟೆಂದು ಹಣ ಎತ್ತಿಡದೆ ಯಾರೂ ಜನರನ್ನು ಕರೆಯುವುದಿಲ್ಲ. ಅಂಕಿ ಗೊತ್ತಿದೆ, ಹೇಳುವುದಿಲ್ಲ, ಅಷ್ಟೆ. ಬದಲಿಗೆ ಅರ್ಜಿ ಹಾಕಿದವರನ್ನೇ ‘ಈಗ ಎಷ್ಟು ಬರುತ್ತಿದೆ, ಎಷ್ಟು ನಿರೀಕ್ಷೆ’ ಎಂದು ಕೇಳುತ್ತಾರೆ. ಅಂಗಡಿಯವನು ಬೆಲೆ ಹೇಳದೆ ಗಿರಾಕಿಯ ಜೇಬು ತಡವಿದ ಹಾಗೆ.

ಇದರ ಪೆಟ್ಟು ಎಲ್ಲರಿಗೂ ಒಂದೇ ಸಮ ಬೀಳುವುದಿಲ್ಲ. ಅಣ್ಣನೋ ಅತ್ತಿಗೆಯೋ ಕಂಪನಿಯಲ್ಲಿದ್ದವರಿಗೆ ದರ ಗೊತ್ತಿರುತ್ತದೆ. ಯಾದಗಿರಿಯಿಂದಲೋ ಚಾಮರಾಜನಗರದಿಂದಲೋ ಬಂದ, ಮನೆಯ ಮೊದಲ ಪದವೀಧರೆ ಅಂಜಿ ಕಡಿಮೆ ಹೇಳುತ್ತಾಳೆ. ಮುಂದಿನ ಕಂಪನಿ ಆ ಕಡಿಮೆಯ ಮೇಲೇ ಶೇಕಡಾ ಲೆಕ್ಕ ಹಾಕುತ್ತದೆ. ಮೊದಲ ದಿನದ ಸಂಕೋಚಕ್ಕೆ ವರ್ಷಗಟ್ಟಲೆ ದಂಡ.

‘ಪ್ರತಿಸ್ಪರ್ಧಿಗಳಿಗೆ ಗೊತ್ತಾಗುತ್ತದೆ’ ಎಂಬ ಸಮಜಾಯಿಷಿ ಇದೆ. ಒಬ್ಬರ ನೌಕರರನ್ನು ಇನ್ನೊಬ್ಬರು ದಿನಾ ಸೆಳೆಯುವ ಊರಿನಲ್ಲಿ ಅದೆಂಥ ಗುಟ್ಟು? ನಿಜವಾದ ಭಯ ಒಳಗಿನವರದು. ಹೊಸಬರ ಮೊತ್ತ ನೋಡಿ, ಐದು ವರ್ಷದಿಂದ ಅಲ್ಲೇ ದುಡಿಯುತ್ತಿರುವವರು ಪ್ರಶ್ನೆ ಕೇಳಬಹುದು. ಕೇಳಲಿ.

ಅಮೆರಿಕದ ಕೊಲರಾಡೊ ರಾಜ್ಯ 2021ರಿಂದ ಜಾಹೀರಾತಿನಲ್ಲಿ ಸಂಬಳ ಎಷ್ಟರಿಂದ ಎಷ್ಟರವರೆಗೆ ಎಂದು ಬರೆಯುವುದನ್ನು ಕಡ್ಡಾಯ ಮಾಡಿತು. ಆಗ ಕೆಲವು ಕಂಪನಿಗಳು, ಮನೆಯಿಂದಲೇ ಮಾಡುವ ಕೆಲಸಕ್ಕೂ ‘ಕೊಲರಾಡೊದವರು ಅರ್ಜಿ ಹಾಕುವಂತಿಲ್ಲ’ ಎಂದು ಬರೆದವು! ಅಂಕಿ ಬರೆಯುವುದಕ್ಕಿಂತ ಒಂದು ರಾಜ್ಯವನ್ನೇ ಬಿಡುವುದು ಅವಕ್ಕೆ ಸಲೀಸಾಗಿ ಕಂಡಿತು. 2023ರಲ್ಲಿ ಕ್ಯಾಲಿಫೋರ್ನಿಯಾದಲ್ಲೂ ಇಂಥದೇ ಕಾನೂನು ಬಂತು. ಸಿಲಿಕಾನ್ ವ್ಯಾಲಿಯನ್ನು ಬಿಟ್ಟು ಹೋಗುವುದೆಲ್ಲಿಗೆ? ಬರೆದರು. ಅಲ್ಲಿ ಬರೆಯುವವರಲ್ಲಿ ಹಲವರು ಬೆಂಗಳೂರಿನ ಕಚೇರಿಗೆ ಜನ ಕರೆಯುವಾಗ ಮೂಕರಾಗುತ್ತಾರೆ, ಯಾಕೆಂದರೆ ಇಲ್ಲಿ ಕೇಳುವ ಕಾನೂನಿಲ್ಲ.

ನಮ್ಮ ಸಂಶೋಧನಾ ಲೋಕದ ಹುಳುಕುಗಳನ್ನು ಹೇಳಹೊರಟರೆ ಇನ್ನೊಂದು ಲೇಖನವಾದೀತು. ಫೆಲೋಶಿಪ್ ಕೈಗೆ ಬರುವಷ್ಟರಲ್ಲಿ ಹಾಸ್ಟೆಲ್ ಸಾಲ ಬೆಳೆದಿರುತ್ತದೆ. ಆದರೂ ಜೆಆರ್‌ಎಫ್ ತಿಂಗಳಿಗೆ 37,000 ರೂಪಾಯಿ ಎಂಬುದು ಪರೀಕ್ಷೆ ಕಟ್ಟುವ ಮೊದಲೇ ಗೊತ್ತು, ಪ್ರಾಧ್ಯಾಪಕರ ಮಗನಿಗೂ ಕೂಲಿಯವರ ಮಗಳಿಗೂ.

ಕಂಪನಿಗಳಲ್ಲಿರುವ ಗೆಳೆಯರು ಇಂಥ ಜಾಹೀರಾತು ಕಳಿಸಿ, ‘ನಿಮ್ಮ ವಿಭಾಗದ ಹುಡುಗರಿಗೆ ತಿಳಿಸೋ’ ಎನ್ನುತ್ತಾರೆ. ‘ಸಂಬಳ ಎಷ್ಟು ಅಂತ ಕೇಳಿ ಹೇಳು, ಆಮೇಲೆ ತಿಳಿಸ್ತೀನಿ’ ಎಂದು ವಾಪಸ್ ಬರೆಯುತ್ತೇನೆ. ಹೆಚ್ಚಿನವರಿಂದ ಮತ್ತೆ ಉತ್ತರ ಬರುವುದಿಲ್ಲ.