ಕ್ವಿಂಟಲ್ಲಿನ ಲೆಕ್ಕವೊಂದೇ ಗೋಧಿಯ ಗೆಲುವಲ್ಲ

ಗೋಧಿ ಬೆಳೆಯದ ಮಲೆನಾಡಿನ ಪತ್ರಿಕೆಯಲ್ಲಿ ಗೋಧಿಯ ಮಾತೇಕೆ ಎಂದು ಓದುಗ ಮಿತ್ರರು ಕೇಳಬಹುದು. ನಮ್ಮದು ಹುಳಿ ಮಣ್ಣು, ತೇವದ ಗಾಳಿ, ಮೊಟಕಾದ ಚಳಿಗಾಲ. ಇಲ್ಲಿ ಗೋಧಿ ಬಿತ್ತಿ ಎಂದು ಹೇಳುವ ಅವಿವೇಕಕ್ಕೆ ನಾವು ಇಳಿಯುವುದಿಲ್ಲ. ಆದರೆ ಬಯಲುಸೀಮೆಯ ಹೊಲದಲ್ಲಿ ಯಾವ ಬೆಳೆ ಉಳಿಯಿತು, ಯಾವ ಬೆಳೆ ಅಳಿಯಿತು ಎಂಬುದರ ಮೇಲೆ ಘಟ್ಟದ ಹೊಳೆಗಳ ಹಣೆಬರಹ ನಿರ್ಧಾರವಾಗುತ್ತದೆ. ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆಯನ್ನು ಸವದತ್ತಿಯ ಬಳಿಯ ನವಿಲುತೀರ್ಥದಲ್ಲಿ ತಡೆದು ನಿಲ್ಲಿಸಲಾಗಿದೆ. ಆ ಜಲಾಶಯದ ನೀರು ಸಾಲದಾದಾಗಲೆಲ್ಲ ಮಹದಾಯಿ ಕಣಿವೆಯ ಕಳಸಾ, ಬಂಡೂರಿ ಹಳ್ಳಗಳತ್ತ ಬೆರಳು ತೋರಿಸಲಾಗುತ್ತದೆ. ಬಯಲಿನ ಬಾಯಾರಿಕೆಗೆ ಬೆಟ್ಟದ ಕಾಡೇ ಉತ್ತರವೆಂಬ ಈ ವಾದವನ್ನು ಎದುರಿಸಬೇಕಾದರೆ, ಬಯಲು ಬೆಳೆಯುವ ಬೆಳೆಯ ಬಗ್ಗೆ ನಾವು ಮಾತನಾಡಲೇಬೇಕು.

ಗೋಧಿಯಲ್ಲಿ ಯಶಸ್ಸು ಎಂದರೇನು? ಕೃಷಿ ಮೇಳದ ವೇದಿಕೆಯಿಂದ ಬರುವ ಉತ್ತರ ಒಂದೇ: ಹೆಕ್ಟೇರಿಗೆ ಎಷ್ಟು ಕ್ವಿಂಟಲ್? ಪಂಜಾಬಿನಲ್ಲಿ ಸುಮಾರು 50 ಕ್ವಿಂಟಲ್ ಬರುತ್ತದೆ. ಕರ್ನಾಟಕದ ಸರಾಸರಿ ಅದರ ಕಾಲು ಭಾಗದ ಆಸುಪಾಸಿನಲ್ಲಿದೆ. ಆದ್ದರಿಂದ ಪಂಜಾಬಿನ ರೈತ ಗೆದ್ದವನು, ನರಗುಂದದ ರೈತ ಸೋತವನು. ಈ ತೀರ್ಪನ್ನು ನಾವು ಒಪ್ಪುವುದಿಲ್ಲ.

ಪಂಜಾಬಿನ ಸಾಧನೆಯನ್ನು ಹಗುರಾಗಿ ಕಾಣುವುದು ಅನ್ಯಾಯ. 1965-66ರ ಬರಗಾಲದಲ್ಲಿ ಈ ದೇಶ ಅಮೆರಿಕದ ಹಡಗುಗಳ ದಾರಿ ಕಾಯುತ್ತಿತ್ತು. 1966ರಲ್ಲಿ ಮೆಕ್ಸಿಕೋದಿಂದ 18,000 ಟನ್ ಗಿಡ್ಡ ತಳಿಯ ಬೀಜ ಬಂದಿತು. 1964-65ರಲ್ಲಿ ಸುಮಾರು 1.2 ಕೋಟಿ ಟನ್ ಇದ್ದ ಗೋಧಿಯ ಉತ್ಪನ್ನ 1967-68ರಲ್ಲಿ 1.6 ಕೋಟಿ ಟನ್ನನ್ನು ದಾಟಿತು. ಇಂದು ಅದು 11 ಕೋಟಿ ಟನ್ನಿಗೂ ಹೆಚ್ಚು. ಹಸಿದ ಹೊಟ್ಟೆಗಳು ತುಂಬಿದವು, ಅದು ಸತ್ಯ.

ಆದರೆ ಆ ಗಿಡ್ಡ ತಳಿಗಳು ಬರಿಗೈಯಲ್ಲಿ ಬಂದವಲ್ಲ. ರಾಸಾಯನಿಕ ಗೊಬ್ಬರವನ್ನೂ ಹೊತ್ತುಹೊತ್ತಿಗೆ ನೀರನ್ನೂ ಅವು ಬೇಡಿದವು. ಬಿತ್ತಿದ ಮೂರು ವಾರಕ್ಕೆ, ಕಿರೀಟಬೇರು ಇಳಿಯುವ ಹೊತ್ತಿಗೆ ಮೊದಲ ನೀರು; ಅಲ್ಲಿಂದ ಕಾಳು ತುಂಬುವವರೆಗೆ ಮತ್ತೆ ನಾಲ್ಕೈದು ನೀರು. ಗೋಧಿಯ ಬೆನ್ನಿಗೆ ಭತ್ತವೂ ಬಂದಿತು. ಉಚಿತ ವಿದ್ಯುತ್ತು ಪಂಪುಗಳನ್ನು ಹಗಲಿರುಳು ಓಡಿಸಿತು. ಕೇಂದ್ರ ಅಂತರ್ಜಲ ಮಂಡಳಿಯ 2023ರ ಲೆಕ್ಕದಂತೆ, ಪಂಜಾಬಿನಲ್ಲಿ ವರ್ಷಕ್ಕೆ ತೆಗೆಯಬಹುದಾದ ಅಂತರ್ಜಲ 100 ಪಾಲಾದರೆ ತೆಗೆಯುತ್ತಿದ್ದುದು 163 ಪಾಲು. ನೀರುಳಿಸಲೆಂದು 2009ರ ಕಾಯಿದೆ ಭತ್ತದ ನಾಟಿಯನ್ನು ಮುಂದೂಡಿತು. ಅದರಿಂದ ಭತ್ತದ ಕೊಯ್ಲಿಗೂ ಗೋಧಿಯ ಬಿತ್ತನೆಗೂ ನಡುವಿನ ದಿನಗಳು ಕಡಿಮೆಯಾದವು. ಕೂಳೆಗೆ ಬೆಂಕಿ ಬಿದ್ದಿತು, ಹೊಗೆ ದಿಲ್ಲಿಯನ್ನು ಮುಟ್ಟಿತು. ಅಜ್ಜನ ಕಾಲದ ನೀರನ್ನು ತೆಗೆದು ಮೊಮ್ಮಗನ ಪಾಲಿನ ಮಣ್ಣಿಗೆ ಸುರಿದು ಪಡೆದ 50 ಕ್ವಿಂಟಲ್ ಇದು. ಸಾಲದ ಹಣವನ್ನು ಆದಾಯವೆಂದು ಬರೆದುಕೊಳ್ಳುವ ಲೆಕ್ಕಪುಸ್ತಕವನ್ನು ಯಾವ ಅಂಗಡಿಯವನೂ ನಂಬಲಾರ. ದೇಶ ಮಾತ್ರ ನಂಬಿದೆ.

ಇನ್ನೊಂದು ಬಗೆಯ ಬೇಸಾಯವನ್ನು ನೋಡಿ. ಧಾರವಾಡ, ಗದಗ, ಬಾಗಲಕೋಟೆ, ವಿಜಯಪುರಗಳ ಎರೆ ಭೂಮಿ ಮಳೆಗಾಲದ ನೀರನ್ನು ತನ್ನೊಡಲಲ್ಲಿ ಹಿಡಿದಿಟ್ಟುಕೊಳ್ಳುವ ಮಣ್ಣು. ಅಲ್ಲಿನ ರೈತನಿಗೆ ಮಣ್ಣೇ ಕೆರೆ. ಒಡ್ಡು ಹಾಕಿ ಮಳೆನೀರನ್ನು ಹೊಲದಲ್ಲೇ ಇಂಗಿಸುತ್ತಾನೆ. ಮುಂಗಾರಿನಲ್ಲಿ ಹೆಸರು ಬೆಳೆದು ತೆಗೆಯುತ್ತಾನೆ, ಇಲ್ಲವೇ ಹೊಲವನ್ನು ಬಿಟ್ಟು ಕುಂಟೆ ಹೊಡೆಯುತ್ತಾನೆ. ಅಕ್ಟೋಬರ್ ನಡುವಿನಿಂದ ನವೆಂಬರ್ ಮೊದಲ ವಾರದೊಳಗೆ, ಹಸಿ ಇರುವ ಆಳಕ್ಕೆ ಕೂರಿಗೆಯಿಂದ ಬೀಜ ಇಳಿಸುತ್ತಾನೆ. ಎಡೆಕುಂಟೆ ಹಾಯಿಸಿ ಬಿರುಕುಗಳನ್ನು ಮುಚ್ಚುತ್ತಾನೆ. ಬಿರುಕು ಮುಚ್ಚಿದರೆ ತೇವ ಆರದು. ನಡುವೆ ಕುಸುಬೆಯ ಅಕ್ಕಡಿ ಸಾಲು. ಗೋಧಿ ಕೈಕೊಟ್ಟರೆ ಕುಸುಬೆಯಾದರೂ ಕೈಹಿಡಿಯುತ್ತದೆ. ಬಿಜಗಾದಂತಹ ಎತ್ತರದ ಗಟ್ಟಿ ಗೋಧಿ ಹೀಗೆ ಕಾಲುವೆಯ ಹನಿ ನೀರಿಲ್ಲದೆ, ಮಣ್ಣಿನ ಹಸಿ ಮತ್ತು ಚಳಿಯ ಬಲದಿಂದ ಬೆಳೆದು ಬಂದಿದೆ. ಎತ್ತರದ ದಂಟು ಕಾಳಿನ ಲೆಕ್ಕದಲ್ಲಿ ಕಾಣದು, ದನದ ಕೊಟ್ಟಿಗೆಯಲ್ಲಿ ಕಾಣುತ್ತದೆ.

ನೀರಾವರಿಯ ತುಂಡು ಹೊಲಗಳಲ್ಲಿ ಜವೆ ಗೋಧಿ ಇದೆ. ಸದಕ, ಖಪ್ಲಿ ಎಂದೂ ಕರೆಯುವ ಇದು ಜಗತ್ತಿನ ಅತಿ ಹಳೆಯ ಗೋಧಿಗಳಲ್ಲೊಂದು. ಹೊಟ್ಟು ಕಾಳನ್ನು ಬಿಗಿಯಾಗಿ ಅಪ್ಪಿಕೊಂಡಿರುತ್ತದೆ. ಹುಗ್ಗಿ, ಮಾದಲಿ, ಶಾವಿಗೆಗೆ ಹೇಳಿಮಾಡಿಸಿದ ಕಾಳು. ನಾರು, ಸಸಾರಜನಕ ಎರಡರಲ್ಲೂ ಸಮೃದ್ಧ. ಬಿಸಿಲನ್ನೂ ತುಕ್ಕು ರೋಗವನ್ನೂ ತಾಳುವ ಗುಣ ಇದರದ್ದು. ಕಾಂಡದ ತುಕ್ಕಿಗೆ ಪ್ರತಿರೋಧ ಕೊಡುವ ಗುಣಾಣುಗಳನ್ನು ವಿಜ್ಞಾನಿಗಳು ಈ ಖಪ್ಲಿಯಿಂದಲೇ ಪಡೆದರು.

ತುಕ್ಕು ರೋಗದ ಮಾತು ಬಂದಾಗ ಬೆಟ್ಟ ಮತ್ತು ಬಯಲಿನ ಇನ್ನೊಂದು ನಂಟು ನೆನಪಾಗಬೇಕು. ಬಯಲಿನ ಬೇಸಿಗೆಯಲ್ಲಿ ಸತ್ತುಹೋಗುವ ಈ ಬೂಷ್ಟು ನೀಲಗಿರಿ, ಪಳನಿ ಬೆಟ್ಟಗಳ ತಂಪಿನಲ್ಲಿ ಉಳಿದು, ಮತ್ತೆ ಗಾಳಿಯೊಡನೆ ಬಯಲಿಗೆ ಇಳಿಯುತ್ತದೆ ಎಂಬುದನ್ನು ಆಗ್ರಾದ ವಿಜ್ಞಾನಿ ಕರಮ್ ಚಂದ್ ಮೆಹ್ತಾ ಕಳೆದ ಶತಮಾನದ ಪೂರ್ವಾರ್ಧದಲ್ಲಿಯೇ ತೋರಿಸಿದರು. ದೇಶದ ತುಂಬ ಒಂದೆರಡೇ ತಳಿಗಳನ್ನು ಹಬ್ಬಿಸಿದರೆ, ಆ ಗಾಳಿಗೆ ಇಡೀ ದೇಶವೇ ಒಂದು ಹೊಲವಾಗುತ್ತದೆ. 2022ರ ಮಾರ್ಚ್ ತಿಂಗಳ ಬಿಸಿಗಾಳಿ ಉತ್ತರದ ಗೋಧಿಯ ಕಾಳನ್ನು ತುಂಬುವ ಮೊದಲೇ ಸುಕ್ಕುಗಟ್ಟಿಸಿತು. ಮೇ 13ರಂದು ಸರ್ಕಾರ ಗೋಧಿಯ ರಫ್ತನ್ನೇ ನಿಷೇಧಿಸಿತು. ಬಿಸಿಲು ಏರುತ್ತಿರುವ ಈ ಕಾಲದಲ್ಲಿ ತಾಳಿಕೆಯ ತಳಿಗಳನ್ನು ಕಳೆದುಕೊಳ್ಳುವುದು ಯಾವ ಜಾಣತನ?

ಹಾಗಾದರೆ ಇವು ಹೊಲದಿಂದ ಮರೆಯಾಗುತ್ತಿರುವುದೇಕೆ? ರೈತನ ಅಜ್ಞಾನದಿಂದಲ್ಲ, ನೀತಿಯಿಂದ. ಬೆಂಬಲ ಬೆಲೆ ಎಲ್ಲ ಗೋಧಿಗೂ ಒಂದೇ. 2025-26ರ ಮಾರಾಟ ವರ್ಷಕ್ಕೆ ಕ್ವಿಂಟಲ್ಲಿಗೆ 2,425 ರೂಪಾಯಿ. ಆ ಬೆಲೆಗೆ ಸರ್ಕಾರ ಕೊಳ್ಳುವ ಗೋಧಿಯ ಬಹುಪಾಲು ಪಂಜಾಬ್, ಹರಿಯಾಣ, ಮಧ್ಯಪ್ರದೇಶಗಳದ್ದು. ನೀರು ಕುಡಿದ ಬೆಳೆಗೆ ವಿದ್ಯುತ್ತು, ಗೊಬ್ಬರ, ಖರೀದಿ ಎಂದು ಮೂರು ಬಗೆಯ ನೆರವು. ನೀರು ಉಳಿಸಿದ ಬೆಳೆಗೆ ಬಿಡಿಗಾಸೂ ಇಲ್ಲ. ಹೀಗಿರುವಾಗ ಮಲಪ್ರಭೆಯ ಕಾಲುವೆಯ ಮೇಲಿನವನು ವರ್ಷವಿಡೀ ನೀರು ಬೇಡುವ ಕಬ್ಬಿಗೆ ಒಲಿದರೆ ಆಶ್ಚರ್ಯವೇನು? ಕಾಲುವೆಯ ಕೊನೆಯವನಿಗೆ ನೀರು ತಲುಪದಿದ್ದರೆ ಆಶ್ಚರ್ಯವೇನು? ಬಾರದ ನೀರಿಗೆ ಅಭಿವೃದ್ಧಿ ಕರ ಕೇಳಿದ್ದಕ್ಕೇ 1980ರಲ್ಲಿ ನರಗುಂದ, ನವಲಗುಂದಗಳು ಸಿಡಿದೆದ್ದವು. ಆ ಬಂಡಾಯದ ಪಾಠವನ್ನು ಸರ್ಕಾರಗಳು ಇನ್ನೂ ಓದಿಲ್ಲ. ಇದ್ದ ನೀರನ್ನು ಹಂಚಲಾರದೆ, ಇಲ್ಲದ ನೀರನ್ನು ಕಾಡಿನಿಂದ ತರುವ ಕನಸನ್ನು ಮಾರುತ್ತಿವೆ.

ಹುಬ್ಬಳ್ಳಿ-ಧಾರವಾಡದ ಜನರ ಕುಡಿಯುವ ನೀರಿಗೆ ನಾವು ಅಡ್ಡ ನಿಂತವರಲ್ಲ. ಒಣಬೇಸಾಯದವರು ಬಡವರಾಗಿಯೇ ಇರಲಿ ಎಂದೂ ನಾವು ಹೇಳುತ್ತಿಲ್ಲ. ಇಳುವರಿ ಕಡಿಮೆ ಎಂಬುದು ನಿಜ. ಆ ಕೊರತೆಯನ್ನು ರೈತನೊಬ್ಬನೇ ಹೊರಬೇಕೇ ಎಂಬುದು ನಮ್ಮ ಪ್ರಶ್ನೆ. ಅವನು ಉಳಿಸಿಕೊಟ್ಟ ನೀರಿಗೆ ಬೆಲೆಯಿದೆ. ಅದನ್ನು ಸಮಾಜ ತೆರಬೇಕು.

ಆದ್ದರಿಂದ ನಮ್ಮ ಒತ್ತಾಯ ಸ್ಪಷ್ಟ. ಮಳೆಯಾಶ್ರಿತ ಗೋಧಿಗೂ ಜವೆ ಗೋಧಿಗೂ ಪ್ರತ್ಯೇಕವಾದ, ಹೆಚ್ಚಿನ ಬೆಂಬಲ ಬೆಲೆ ಬೇಕು. ರಾಜ್ಯ ಸರ್ಕಾರ ಅದನ್ನು ಸ್ಥಳೀಯವಾಗಿಯೇ ಕೊಂಡು ಅಂಗನವಾಡಿ ಮತ್ತು ಶಾಲೆಯ ಬಿಸಿಯೂಟಕ್ಕೆ ಕೊಡಬೇಕು. ಜವೆಯ ಹೊಟ್ಟು ಬಿಡಿಸುವ ಗಿರಣಿಗಳು ಹೋಬಳಿ ಮಟ್ಟದಲ್ಲಿ ಬರಬೇಕು. ಧಾರವಾಡದ ಕೃಷಿ ವಿಶ್ವವಿದ್ಯಾಲಯ ತಳಿಗಳನ್ನು ತೂಗುವಾಗ ಕ್ವಿಂಟಲ್ಲಿನ ಜೊತೆಗೆ ಕುಡಿದ ನೀರನ್ನೂ ಎದ್ದು ಕಾಣುವಂತೆ ಬರೆಯಬೇಕು. ಮಲಪ್ರಭಾ ಅಚ್ಚುಕಟ್ಟಿನಲ್ಲಿ ಬೆಳೆಶಿಸ್ತು ಜಾರಿಯಾಗದೆ ಕಾಡಿನಲ್ಲಿ ಹೊಸ ಕಾಲುವೆಯ ಮಾತು ಏಳಕೂಡದು.

ಮಲೆನಾಡಿಗರಿಗೂ ಕೆಲಸವಿದೆ. ನಮ್ಮ ಅಡುಗೆಮನೆಗೆ ಬರುವ ಗೋಧಿ, ರವೆ ಎಲ್ಲಿಯದೆಂದು ಕೇಳೋಣ; ಊರೊಟ್ಟಾಗಿ ಸೇರಿ ಎರೆಸೀಮೆಯ ರೈತರಿಂದ ನೇರವಾಗಿ ಕೊಳ್ಳೋಣ. ವಿದ್ಯಾರ್ಥಿಗಳು ರಜೆಯಲ್ಲಿ ಆ ಹೊಲಗಳಿಗೆ ಹೋಗಿ, ಒಂದು ಚೀಲ ಕಾಳಿಗೆ ಎಷ್ಟು ನೀರು ಸಂದಿತೆಂದು ಲೆಕ್ಕ ಹಾಕಲಿ. ಘಟ್ಟದ ಹೊಳೆಯನ್ನು ಉಳಿಸುವ ಹೋರಾಟ ಘಟ್ಟದ ಮೇಲಷ್ಟೇ ನಡೆದರೆ ಸಾಲದು. ಕಾಲುವೆಯ ನೀರಿಗೆ ಕಾಯದೆ ಗೋಧಿ ಬೆಳೆಯುವ ರೈತ ಆ ಹೋರಾಟದಲ್ಲಿ ನಮಗಿಂತ ಮೊದಲೇ ಇದ್ದಾನೆ. ಅವನ ಬೆನ್ನಿಗೆ ನಿಲ್ಲುವುದು ನಮ್ಮ ಸರದಿ.