ವಾರಸುದಾರರಿಲ್ಲದ ಸಂಗೀತ

ಬೆಂಗಳೂರಿನ ಒಂದು ಮೆಟಲ್ ಬ್ಯಾಂಡಿನ ಹೆಸರು ‘ಬೇವರ್ ಸೀ’. ಇಂಗ್ಲಿಷಿನಲ್ಲಿ ನೋಡಿದರೆ ಯಾವುದೋ ಸಮುದ್ರದ ಹೆಸರಿನಂತೆ ಕಾಣುತ್ತದೆ. ಬಾಯಿಬಿಟ್ಟು ಓದಿದರೆ ನಮ್ಮದೇ ಬೈಗುಳ, ‘ಬೇವರ್ಸಿ’! ವಾರಸುದಾರರಿಲ್ಲದವನು, ಹೇಳುವವರು ಕೇಳುವವರು ಇಲ್ಲದವನು ಎಂದರ್ಥ. ತಮಾಷೆಯ ಹೆಸರಾದರೂ ನಮ್ಮ ರಾಜ್ಯದ ‘ಅಂಡರ್‌ಗ್ರೌಂಡ್’ ಸಂಗೀತದ ಸ್ಥಿತಿಗೆ ಅದು ಸರಿಯಾಗಿ ಹೊಂದುತ್ತದೆ.

ಅಂಡರ್‌ಗ್ರೌಂಡ್ ಎಂದರೆ ಕದ್ದುಮುಚ್ಚಿ ಮಾಡುವುದಲ್ಲ. ಸಿನಿಮಾ, ಟಿ.ವಿ., ದೊಡ್ಡ ಕಂಪನಿಗಳ ಆಸರೆಯಿಲ್ಲದೆ ನಡೆಯುವುದು. ಈ ಸಂಗೀತ ಹುಟ್ಟಿದ್ದೇ ಹಾಗೆ. 1968ರಲ್ಲಿ ಬ್ಲ್ಯಾಕ್ ಸಬ್ಬತ್ ಬ್ಯಾಂಡ್ ಆರಂಭವಾದ ಬರ್ಮಿಂಗ್‌ಹ್ಯಾಮ್ ಕಾರ್ಖಾನೆಗಳ ಊರು. ಅದರ ಗಿಟಾರ್ ವಾದಕ ಟೋನಿ ಐಯೊಮಿ ಕಾರ್ಖಾನೆಯ ಯಂತ್ರಕ್ಕೆ ಸಿಲುಕಿ ಎರಡು ಬೆರಳುಗಳ ತುದಿ ಕಳೆದುಕೊಂಡಿದ್ದರು. 1980ರಲ್ಲಿ ವಾಷಿಂಗ್ಟನ್ನಿನ ಹಾರ್ಡ್‌ಕೋರ್ ಪಂಕ್ ಹುಡುಗರು ‘ಡಿಸ್ಕಾರ್ಡ್’ ಎಂಬ ಸ್ವಂತ ಸಂಸ್ಥೆ ಕಟ್ಟಿ ತಮ್ಮ ಹಾಡುಗಳನ್ನು ತಾವೇ ಹೊರತಂದರು. ಯಾರೂ ಅವಕಾಶ ಕೊಡದಿದ್ದರೆ ನಾವೇ ಮಾಡಿಕೊಳ್ಳೋಣ ಎಂಬುದು ಅವರ ಧೋರಣೆ.

ಬೆಂಗಳೂರಿನಲ್ಲೂ ನಡೆದದ್ದು ಇದೇ. 1991ರಲ್ಲಿ ‘ಡೈಯಿಂಗ್ ಎಂಬ್ರೇಸ್’, 1998ರಲ್ಲಿ ‘ಕ್ರಿಪ್ಟೋಸ್’ ಶುರುವಾದವು. ನೋಲನ್ ಲೂಯಿಸ್ ಮತ್ತು ಗಣೇಶ್ ಕೃಷ್ಣಸ್ವಾಮಿ ಕಟ್ಟಿದ ಕ್ರಿಪ್ಟೋಸ್‌ನ ಮೊದಲ ಆಲ್ಬಂ ಬರಲು ಆರು ವರ್ಷ ಬೇಕಾಯಿತು. ಗಣೇಶ್ ಮುಂದೆ ಬೇವರ್ ಸೀ ಗಾಯಕರಾದರು. ಕ್ರಿಪ್ಟೋಸ್ 2013ರಲ್ಲಿ ಜರ್ಮನಿಯ ಪ್ರಸಿದ್ಧ ವಾಕನ್ ಉತ್ಸವದ ವೇದಿಕೆ ಏರಿತು. 2016ರ ಆಲ್ಬಂ ಜರ್ಮನಿಯ ಕಂಪನಿಯಿಂದಲೇ ಬಂತು. ಹದಿನೈದು ವರ್ಷ ಪಟ್ಟುಬಿಡದೆ ದುಡಿದದ್ದಕ್ಕೆ ಸಿಕ್ಕ ಫಲ ಅದು.

ಹಾಗಾದರೆ ಇಲ್ಲಿ ಕೇಳುಗರಿಲ್ಲವೇ? 2007ರಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕಾ ಬಂದಾಗ ಅರಮನೆ ಮೈದಾನದಲ್ಲಿ ಸಾವಿರಾರು ಯುವಕರು ಸೇರಿದ್ದರು. ಕೊರತೆ ಇರುವುದು ಸಣ್ಣ ವೇದಿಕೆಗಳದ್ದು. ಬೆಂಗಳೂರಿನಲ್ಲಿ ಲೈವ್ ಬ್ಯಾಂಡ್ ನಡೆಸುವ ಹೋಟೆಲುಗಳು ಪೊಲೀಸ್ ಪರವಾನಗಿ ಪಡೆಯಬೇಕೆಂಬ 2005ರ ಆದೇಶವನ್ನು 2018ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಜನರ ಸುರಕ್ಷತೆ, ನೆರೆಹೊರೆಯವರ ನಿದ್ದೆ ಎರಡೂ ಮುಖ್ಯ. ಆದರೆ ದೊಡ್ಡ ಪಬ್ಬಿಗೂ ಐವತ್ತು ಜನರೆದುರು ಹಾಡುವ ಹುಡುಗರಿಗೂ ಒಂದೇ ನಿಯಮವಾದರೆ ಮೊದಲು ಸೋಲುವವರು ಹುಡುಗರೇ.

ಇದು ಬೆಂಗಳೂರಿನ ಗೋಳು, ನಮಗೇನು ಎನ್ನಬಹುದು. ಸವದತ್ತಿ, ಬೈಲಹೊಂಗಲದ ಕಡೆಯವರಿಗೆ ಚೌಡಕಿ ಪದ, ಗೀಗೀ ಪದ ಹೊಸದಲ್ಲ. ರಾಮದುರ್ಗ ತಾಲೂಕಿನ ಹುಲಕುಂದದ ಭೀಮಕವಿ ಸ್ವಾತಂತ್ರ್ಯ ಚಳವಳಿಗೆ ಗೀಗೀ ಪದ ಕಟ್ಟಿದವರು. ಒಂದು ದಪ್ಪು, ಒಂದು ತುಂತುಣಿ, ಹಿಮ್ಮೇಳಕ್ಕೆ ಇಬ್ಬರು ಇದ್ದರೆ ಸಾಕು, ಊರ ಕಟ್ಟೆಯೇ ವೇದಿಕೆ. ಯಾವ ಕಂಪನಿಯೂ ಇರಲಿಲ್ಲ, ಆದರೂ ಹಾಡು ಊರಿಂದೂರಿಗೆ ಹೋಯಿತು. ಗಿಟಾರು, ಡ್ರಮ್ಮುಗಳ ಸದ್ದು ಬೇರೆ ಇರಬಹುದು, ಆದರೆ ಸಿಟ್ಟನ್ನು ಹಾಡಾಗಿಸಿ ಜನರೆದುರು ಇಡುವ ಕೆಲಸ ಒಂದೇ.

ಈಗ ಆ ಕಟ್ಟೆಗಳೂ ಖಾಲಿಯಾಗುತ್ತಿವೆ. ಪ್ರತಿವರ್ಷ ಅಕ್ಟೋಬರಿನಲ್ಲಿ ಕಿತ್ತೂರು ಉತ್ಸವ ನಡೆಯುತ್ತದೆ. ಅದರಲ್ಲಿ ಒಂದು ಸಂಜೆ, ಒಂದು ಚಿಕ್ಕ ವೇದಿಕೆಯನ್ನು ಹೆಸರಿಲ್ಲದ ಯುವ ತಂಡಗಳಿಗೆ ಮೀಸಲಿಡಬಾರದೇಕೆ? ಗೀಗೀ ಮೇಳದ ಪಕ್ಕದಲ್ಲೇ ಗಿಟಾರ್ ತಂಡವೂ ಹಾಡಲಿ. ಕಾಲೇಜುಗಳು ತಿಂಗಳಿಗೊಂದು ಶನಿವಾರ ಸಭಾಂಗಣದ ಬೀಗ ತೆಗೆದರೆ ಖರ್ಚು ಕರೆಂಟಿನದ್ದು ಮಾತ್ರ.

ಈ ಸಂಗೀತ ನೌಕರಿ ಕೊಡುವುದಿಲ್ಲ ನಿಜ. ಬಂಡವಾಳವಿಲ್ಲದೆ ತಂಡ ಕಟ್ಟುವುದು, ಆರು ವರ್ಷ ಕಾಯುವುದು, ಜಗಳವಾಡಿಯೂ ಜೊತೆಗಿರುವುದನ್ನು ಮಾತ್ರ ಕಲಿಸುತ್ತದೆ. ಸಂದರ್ಶನಕ್ಕೆ ಹೋಗುವ ನಮಗೆ ಇದಕ್ಕಿಂತ ಒಳ್ಳೆಯ ತರಬೇತಿ ಎಲ್ಲಿ ಸಿಕ್ಕೀತು? ವಾರಸುದಾರರಿಲ್ಲದ ಈ ಸಂಗೀತಕ್ಕೆ ವಾರಸುದಾರರಾಗಬೇಕಾದವರು ಕೇಳುಗರಾದ ನಾವೇ.