ಹಿಡಿ ಮಣ್ಣಿನ ಋಣ

ನಮ್ಮ ಕಥೋಲಿಕ ಕುಟುಂಬಗಳಲ್ಲಿ ಮರಣವೆಂಬುದು ಒಂದು ಮನೆಯ ಸಂಗತಿಯಾಗಿ ಎಂದೂ ಉಳಿದುದಿಲ್ಲ. ಹಾಸಿಗೆ ಹಿಡಿದವರ ಬಳಿಗೆ ಗುರುಗಳು ಪರಮಪ್ರಸಾದವನ್ನು ಕೊಂಡೊಯ್ಯುತ್ತಾರೆ, ವ್ಯಾಧಿಸ್ಥರ ಅಭ್ಯಂಗವನ್ನು ನೀಡುತ್ತಾರೆ. ಉಸಿರು ನಿಂತ ಗಳಿಗೆಯಿಂದ ನೆರೆಹೊರೆಯವರು ಜಪಸರ ಹಿಡಿದು ಬಂದು ಕೂಡುತ್ತಾರೆ. ದೇವಾಲಯದ ಗಂಟೆ ಬಿಟ್ಟುಬಿಟ್ಟು ಮೊಳಗುತ್ತದೆ. ಕಡೆಗೆ ಸಮಾಧಿಯ ಅಂಚಿನಲ್ಲಿ ನಿಂತ ಪ್ರತಿಯೊಬ್ಬರೂ ಒಂದು ಹಿಡಿ ಮಣ್ಣು ಹಾಕಿ ಹಿಂದಿರುಗುತ್ತಾರೆ. ಬದುಕುಳಿದವರ ದುಃಖಕ್ಕೆ ಸಮಾಧಾನದ ದಾರಿ ತೆರೆಯುವುದು ಆ ಹಿಡಿ ಮಣ್ಣಿನಿಂದಲೇ.

2020 ಮತ್ತು 2021ನೆಯ ಇಸವಿಗಳಲ್ಲಿ ಬಂದೆರಗಿದ ಕೊರೋನಾ ಮಹಾಮಾರಿಯು ಈ ದಾರಿಯನ್ನೇ ಮುಚ್ಚಿಬಿಟ್ಟಿತು. ಈ ವ್ಯಾಧಿಯಿಂದ ಭಾರತದಲ್ಲಿ ದೃಢಪಟ್ಟ ಮೊದಲ ಸಾವು ನಮ್ಮದೇ ರಾಜ್ಯದ ಕಲಬುರಗಿಯ ಹಿರಿಯರೊಬ್ಬರದು. ಅದು 2020ರ ಮಾರ್ಚ್ 10ರಂದು ಸಂಭವಿಸಿತು. ಮಾರ್ಚ್ 25ರಿಂದ ದೇಶವೇ ಬಾಗಿಲು ಹಾಕಿಕೊಂಡಿತು. ಆ ವರ್ಷದ ಪವಿತ್ರ ವಾರದ ಆರಾಧನೆಗಳು ಜನರಿಲ್ಲದ ದೇವಾಲಯಗಳಲ್ಲಿ ನಡೆದವು. ಮರುವರ್ಷದ ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಎರಡನೆಯ ಅಲೆ ಎದ್ದಾಗ ಆಸ್ಪತ್ರೆಯಲ್ಲಿ ಹಾಸಿಗೆಯಿಲ್ಲ, ಆಮ್ಲಜನಕವಿಲ್ಲ ಎಂಬ ಮಾತು ಮನೆಮನೆಯಲ್ಲೂ ಕೇಳಿಬಂತು. ಆಂಬುಲೆನ್ಸ್ ಹತ್ತಿದವರು ಮತ್ತೆ ಹೊಸ್ತಿಲು ತುಳಿಯಲಿಲ್ಲ. ಹೆತ್ತವರ ಮುಖವನ್ನು ಮಕ್ಕಳು ಕಡೆಯ ಬಾರಿಗೆ ಕಂಡದ್ದು ಮೊಬೈಲಿನ ಗಾಜಿನ ಮೇಲೆ. ಸರ್ಕಾರಿ ಲೆಕ್ಕದಂತೆಯೇ ಕರ್ನಾಟಕದಲ್ಲಿ 40 ಸಾವಿರಕ್ಕೂ, ದೇಶದಲ್ಲಿ 5 ಲಕ್ಷ 30 ಸಾವಿರಕ್ಕೂ ಹೆಚ್ಚು ಜನ ತೀರಿಕೊಂಡರು.

2023ರ ಮೇ 5ರಂದು ವಿಶ್ವ ಆರೋಗ್ಯ ಸಂಸ್ಥೆಯು ಜಾಗತಿಕ ತುರ್ತುಸ್ಥಿತಿ ಮುಗಿಯಿತೆಂದು ಸಾರಿತು. ನಾವೂ ಮುಖಗವಸನ್ನು ಕಳಚಿ, ಅದೆಲ್ಲ ಮುಗಿದ ಕಥೆಯೆಂದು ಕೈತೊಳೆದುಕೊಂಡೆವು. ಆದರೆ ಪ್ರಿಯ ವಾಚಕರೇ, ನಮ್ಮ ಧರ್ಮಕೇಂದ್ರಗಳಲ್ಲಿ ಆ ಕಥೆ ಇನ್ನೂ ಮುಗಿಯದಿರುವ ಮನೆಗಳಿವೆ. ಅಲ್ಲಿನವರು ಭಾನುವಾರದ ಬಲಿಪೂಜೆಗೆ ಬರುತ್ತಾರೆ, ಎಲ್ಲರೊಡನೆ ನಗುತ್ತಾರೆ. ಆದರೆ ಕೆಲವು ಪ್ರಶ್ನೆಗಳನ್ನು ಯಾರ ಮುಂದೆಯೂ ಇಡಲಾರದೆ ಎದೆಯೊಳಗೇ ಹೊತ್ತು ತಿರುಗುತ್ತಾರೆ. ಅಭ್ಯಂಗವಿಲ್ಲದೆ ಸತ್ತವರ ಆತ್ಮದ ಗತಿಯೇನು? ಹೂಳಬೇಕಾದವರನ್ನು ಸುಟ್ಟೆವಲ್ಲ, ಅದು ತಪ್ಪಲ್ಲವೇ? ಕಡೆಯ ಗಳಿಗೆಯಲ್ಲಿ ಕೈಹಿಡಿಯದೆ ಒಂಟಿಯಾಗಿ ಬಿಟ್ಟೆವಲ್ಲ? ರೋಗವನ್ನು ಮನೆಗೆ ತಂದವರು ನಾವೇ ಇರಬಹುದೇ?

ಈ ಪ್ರಶ್ನೆಗಳಿಗೆ ಧರ್ಮಸಭೆಯು ಅಂದೇ ಉತ್ತರ ನೀಡಿತ್ತು; ಅದನ್ನು ಮನೆಮನೆಗೆ ಮುಟ್ಟಿಸುವ ಕೆಲಸವಷ್ಟೇ ಬಾಕಿ ಉಳಿದಿದೆ. 2020ರ ಮಾರ್ಚ್ 20ರಂದು ವ್ಯಾಟಿಕನ್ ಹೊರಡಿಸಿದ ಆಜ್ಞಾಪತ್ರವು, ಅಭ್ಯಂಗ ಪಡೆಯಲಾಗದೆ ಸಾಯುತ್ತಿರುವವರನ್ನು ದೇವರ ಕರುಣೆಗೆ ಒಪ್ಪಿಸಿತು. ಬದುಕಿನಲ್ಲಿ ಪ್ರಾರ್ಥನೆಯ ಪರಿಪಾಠವಿದ್ದು, ಯೋಗ್ಯ ಮನಸ್ಸಿನಿಂದ ಕಣ್ಮುಚ್ಚಿದವರಿಗೆ ಮರಣದ ಗಳಿಗೆಯಲ್ಲಿ ಪರಿಪೂರ್ಣ ದಂಡವಿಮೋಚನೆಯನ್ನೂ ಅದು ಘೋಷಿಸಿತು. ವಾಡಿಕೆಯ ಷರತ್ತುಗಳ ಕೊರತೆಯನ್ನು ಧರ್ಮಸಭೆ ತಾನೇ ತುಂಬಿಕೊಟ್ಟಿತು. ಇನ್ನು ದಹನದ ಮಾತು. ಪುನರುತ್ಥಾನದ ವಿಶ್ವಾಸಕ್ಕೆ ವಿರೋಧವಾಗಿ ಮಾಡದಿದ್ದಲ್ಲಿ ಅದಕ್ಕೆ ಅಡ್ಡಿಯಿಲ್ಲವೆಂದು 1963ರಲ್ಲಿಯೇ ಅನುಮತಿ ದೊರೆತಿದೆ. ರೋಗ ತಂದವರು ಯಾರೆಂಬ ಪ್ರಶ್ನೆಗೆ ಉತ್ತರವಿಲ್ಲ, ಉತ್ತರ ಬೇಕಾಗಿಯೂ ಇಲ್ಲ. ಕಣ್ಣಿಗೆ ಕಾಣದ ರೋಗಾಣುವನ್ನು ಅರಿಯದೆ ಹೊತ್ತು ತಂದದ್ದು ಪಾಪವಲ್ಲ. ಅರಿವು ಮತ್ತು ಸಮ್ಮತಿ ಇಲ್ಲದಲ್ಲಿ ಪಾಪವಿಲ್ಲವೆಂಬುದು ನಾವು ಧರ್ಮೋಪದೇಶದ ತರಗತಿಯಲ್ಲೇ ಕಲಿತ ಪಾಠ.

ಒಂಟಿಯಾಗಿ ಬಿಟ್ಟೆವೆಂಬ ಕೊರಗಿಗೂ ಸಾಂತ್ವನವಿದೆ. 2020ರ ಮಾರ್ಚ್ 27ರ ಸಂಜೆ ಅಂದಿನ ಪೋಪ್ ಫ್ರಾನ್ಸಿಸರು ಮಳೆಯಲ್ಲಿ ತೊಯ್ದ ಸಂತ ಪೇತ್ರರ ಚೌಕದಲ್ಲಿ ಜನರಿಲ್ಲದೆ ಪ್ರಾರ್ಥಿಸಿದರು. ಅಲ್ಲಿ ಇರಿಸಿದ್ದ ಶಿಲುಬೆಯು 1522ರ ಪ್ಲೇಗಿನ ಕಾಲದಲ್ಲಿ ರೋಮಿನ ಬೀದಿಗಳಲ್ಲಿ ಮೆರವಣಿಗೆ ಹೋದದ್ದು. ನಮ್ಮ ಬೆಂಗಳೂರಿನಲ್ಲಿಯೂ ಮಹಾಧರ್ಮಕ್ಷೇತ್ರದ ಸ್ವಯಂಸೇವಕರು ರಕ್ಷಾಕವಚ ತೊಟ್ಟು, ಪರಿಚಯವೇ ಇಲ್ಲದವರ ಶರೀರಗಳನ್ನು ಗೌರವದಿಂದ ಮಣ್ಣಿಗಿಳಿಸಿದರು. ಮೃತರನ್ನು ಸಮಾಧಿ ಮಾಡುವುದು ಕರುಣೆಯ ಕಾರ್ಯಗಳಲ್ಲಿ ಒಂದು. ಪ್ರಾಣಭಯವಿದ್ದರೂ ಅದನ್ನು ಕೈಬಿಡದ ತೋಬಿತನ ಕಥೆಯನ್ನು ನಾವು ಓದಿದ್ದೇವೆ. ಮಕ್ಕಳು ಹಾಕಲಾಗದ ಹಿಡಿ ಮಣ್ಣನ್ನು ಅವರ ಪರವಾಗಿ ಬೇರೊಂದು ಕೈ ಹಾಕಿತು.

ಹಾಗಾದರೆ ನಮ್ಮ ಪಾಲಿಗೆ ಉಳಿದ ಋಣ ಯಾವುದು? ಅಂದು ಸೋಂಕು ತಗಲಿದ ಮನೆಯನ್ನು ಕಂಡು ದೂರ ಸರಿದವರುಂಟು, ಕಿಟಕಿಯನ್ನೂ ಮುಚ್ಚಿಕೊಂಡವರುಂಟು. ಅಂದಿನ ಭಯಕ್ಕೆ ಕ್ಷಮೆಯಿದೆ. ಇಂದಿನ ಮೌನಕ್ಕೆ ಯಾವ ನೆಪವೂ ಇಲ್ಲ. ಪ್ರತಿಯೊಂದು ಧರ್ಮಕೇಂದ್ರವೂ ಆ ಎರಡು ವರ್ಷಗಳ ಮರಣದ ದಾಖಲೆ ಪುಸ್ತಕವನ್ನು ಮತ್ತೊಮ್ಮೆ ತೆರೆಯಬೇಕು. ಮಹಾಮಾರಿಯಿಂದ ಸತ್ತವರಷ್ಟೇ ಅಲ್ಲ, ಬೇರೆ ಕಾಯಿಲೆಯಿಂದ ಸತ್ತು, ನಿರ್ಬಂಧಗಳ ದೆಸೆಯಿಂದ ನಾಲ್ಕಾರು ಜನರ ನಡುವೆ ಮಣ್ಣಾದವರ ಹೆಸರುಗಳೂ ಅದರಲ್ಲಿವೆ. ನವೆಂಬರ್ 2ರ ಮೃತರ ಸ್ಮರಣೆಯಂದು ಆ ಹೆಸರುಗಳನ್ನು ಒಂದೊಂದಾಗಿ ಗಟ್ಟಿಯಾಗಿ ಓದಿ, ಅವರಿಗಾಗಿ ಬಲಿಪೂಜೆಯನ್ನು ಅರ್ಪಿಸಬೇಕು. ಚಿತಾಭಸ್ಮವು ಇಂದಿಗೂ ಮನೆಯ ಮೂಲೆಯಲ್ಲಿಯೇ ಇದ್ದರೆ, ಅದನ್ನು ಪವಿತ್ರ ಸ್ಥಳದಲ್ಲಿ ಇರಿಸಬೇಕೆಂದು 2016ರ ವ್ಯಾಟಿಕನ್ ಸೂಚನೆ ತಿಳಿಸುತ್ತದೆ. ಗುರುಗಳೇ ಮುಂದಾಗಿ ನಮ್ಮ ಸ್ಮಶಾನದಲ್ಲಿ ಅದಕ್ಕೊಂದು ತಾಣ ಕಲ್ಪಿಸಬೇಕು.

ಹೊಟ್ಟೆಯ ಪ್ರಶ್ನೆಯನ್ನೂ ಮರೆಯಲಾಗದು. 2021ರಲ್ಲಿ ಪ್ರತಿ ಮರಣಕ್ಕೆ 50,000 ರೂಪಾಯಿಗಳ ಪರಿಹಾರ ನಿಗದಿಯಾಯಿತು. ದುಡಿಯುವ ಕೈ ಇಲ್ಲವಾದ ಮನೆಯಲ್ಲಿ ಆ ಹಣ ಎಷ್ಟು ತಿಂಗಳು ಬಂದೀತು? ಅಂದು ಹತ್ತು ಹನ್ನೆರಡರ ವಯಸ್ಸಿನಲ್ಲಿ ತಂದೆಯನ್ನೋ ತಾಯಿಯನ್ನೋ ಕಳೆದುಕೊಂಡ ಮಕ್ಕಳು ಇಂದು ಕಾಲೇಜಿನ ಮೆಟ್ಟಿಲಲ್ಲಿ ನಿಂತಿದ್ದಾರೆ. ಅವರ ಶುಲ್ಕದ ಚಿಂತೆಯನ್ನು ವಿನ್ಸೆಂಟ್ ದಿ ಪಾಲ್ ಸಭೆಯ ಸದಸ್ಯರೂ ಉಳ್ಳವರೂ ತಮ್ಮದೆಂದು ಭಾವಿಸಬೇಕು.

ಮಾಯುತ್ತಿರುವ ಗಾಯವನ್ನು ಏಕೆ ಕೆದಕಬೇಕೆಂದು ಕೆಲವರು ಕೇಳಬಹುದು. ಮೇಲೆ ಚರ್ಮ ಮುಚ್ಚಿದ ಮಾತ್ರಕ್ಕೆ ಒಳಗಿನ ಗಾಯ ಮಾಯುವುದಿಲ್ಲ. ಬೆಥಾನಿಯದ ಲಾಜರನು ಸತ್ತು ನಾಲ್ಕು ದಿನ ಕಳೆದ ಮೇಲೆ ಪ್ರಭು ಯೇಸು ಅಲ್ಲಿಗೆ ಬಂದರು. ಅಕ್ಕತಂಗಿಯರಿಬ್ಬರೂ ಅದನ್ನೇ ಹೇಳಿ ನೊಂದುಕೊಂಡರು, ಅವರು ಗದರಲಿಲ್ಲ. ಕಾಲ ಮೀರಿತೆಂದು ಹಿಂದಿರುಗಲೂ ಇಲ್ಲ. ಅವನನ್ನು ಎಲ್ಲಿ ಇಟ್ಟಿದ್ದೀರೆಂದು ವಿಚಾರಿಸಿ, ಕಣ್ಣೀರಿಟ್ಟು, ಸಮಾಧಿಯವರೆಗೂ ನಡೆದು ಹೋದರು.

ನಾವು ವರ್ಷಗಳಷ್ಟು ತಡವಾಗಿದ್ದೇವೆ. ಆದರೂ ಆ ಮನೆಗಳ ಬಾಗಿಲು ತಟ್ಟೋಣ. ಹತ್ತಿರ ಕುಳಿತು, ಹೋದವರ ಹೆಸರು ಹಿಡಿದು ಮಾತನಾಡೋಣ, ಅಂದು ಸೇರಿ ಹೇಳಲಾಗದ ಜಪಸರವನ್ನು ಇಂದು ಸೇರಿ ಹೇಳೋಣ. ಋಣವು ತಡವಾಗಿ ತೀರಿದರೂ ತೀರಿದಂತೆಯೇ.